ಸಮಿತಿ ಸಾಹೇಬರು
ನಮ್ಮ ಡೀನರಿಗೆ ವಿಶ್ವವಿದ್ಯಾಲಯವೇ ಇಟ್ಟ ಹೆಸರು ಸಮಿತಿ ಸಾಹೇಬರು. ನಲ್ಲಿ ಸೋರಲಿ, ಪಠ್ಯಕ್ರಮ ಬದಲಾಗಲಿ, ಅವರು ಕನ್ನಡಕ ಒರೆಸುತ್ತ ಹೇಳುತ್ತಿದ್ದುದು ಒಂದೇ ಮಾತು: “ಒಂದು ಸಮಿತಿ ಮಾಡೋಣ.” “ಮೊಮ್ಮಗಳಿಗೆ ಹೆಸರಿಡೋಕೂ ಸಮಿತಿಯಂತೆ, ಪಾಪ, ಮಗು ಇನ್ನೂ ಪುಟ್ಟಿಯಾಗೇ ಇದೆ” ಎಂದು ಉಳಿದ ಡೀನರು ನಗುತ್ತಿದ್ದರು. ಸಾಹೇಬರ ಕಚೇರಿಯ ಗುಮಾಸ್ತನಾದ ನಾನೂ ನಗುತ್ತಿದ್ದೆ, ಹಳೆಯ ಕಡತಗಳನ್ನು ಬಿಚ್ಚಿ ನೋಡುವವರೆಗೆ. ವಿದ್ಯಾರ್ಥಿಗಳು ಕಡಿಮೆಯೆಂದು ಮುಚ್ಚಬೇಕಿದ್ದ ಒಂಬತ್ತು ವಿಭಾಗಗಳಿಗೆ ಅವರು ಒಂಬತ್ತು ಸಮಿತಿ ರಚಿಸಿದ್ದರು; ಒಂದರ ಸಭೆಯನ್ನೂ ಕರೆದಿರಲಿಲ್ಲ. ಹೀಗಾಗಿ ವರದಿಯೇ ಬಾರದೆ ಒಂಬತ್ತು ವಿಭಾಗಗಳೂ ಉಳಿದುಕೊಂಡಿದ್ದವು. ಈ ವರ್ಷ ಡೀನರ ಸಭೆಯಲ್ಲಿ ತತ್ವಶಾಸ್ತ್ರ ವಿಭಾಗದ ಮಾತು ಬಂದಾಗ ಹೊಸ ಕುಲಪತಿಗಳು, “ಸಮಿತಿ ಗಿಮಿತಿ ಬೇಡ, ಮುಚ್ಚೋಣ ಅನ್ನೋರು ಕೈ ಎತ್ತಿ” ಎಂದರು. ಎಲ್ಲರೂ ಎತ್ತಿದರು, ಸಾಹೇಬರ ಕೈ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಇಂಥ ಆದೇಶವನ್ನು ವಿಭಾಗಕ್ಕೆ ಜವಾನನ ಕೈಲಿ ಕಳಿಸುವುದು ರೂಢಿ. ಅಂದು ಸಾಹೇಬರು ತಾವೇ ಹೊರಟರು, ಹಿಂದೆ ನಾನು. ತರಗತಿಯಲ್ಲಿ ಮೂವರು ವಿದ್ಯಾರ್ಥಿಗಳೆದುರು ಮೇಷ್ಟ್ರು ಮೈಮರೆತು ಪಾಠ ಹೇಳುತ್ತಿದ್ದರು. “ಏನ್ ಸಾರ್, ನೀವೇ ಬಂದ್ಬಿಟ್ರಿ?” ಎಂದರು. ಸಾಹೇಬರು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡು, ಹಿಂದಿನ ಬೆಂಚಿನಲ್ಲಿ ಕುಳಿತರು. “ಮೊದಲು ಪಾಠ ಮುಗಿಸಿ ಮೇಷ್ಟ್ರೇ,” ಎಂದರು.