ಅಸೆಂಬ್ಲಿಯಲ್ಲಿ ಮಗಳು ಓದಿದ ಸುದ್ದಿ

ಅವನು ಸರ್ಕಾರಿ ಬಸ್ಸಿನ ಚಾಲಕ, ಮಾತು ಬಲು ಕಡಿಮೆ. ಬ್ರೇಕು ಒತ್ತಿದರೆ ಬಸ್ಸಾದರೂ ಕಿರುಗುಟ್ಟುತ್ತದೆ, ಇವನು ಅದೂ ಇಲ್ಲ ಎಂದು ಡಿಪೋದಲ್ಲಿ ನಗುತ್ತಿದ್ದರು. ಒಬ್ಬಳೇ ಮಗಳು ಮಾತ್ರ ಅರಳು ಹುರಿದಂತೆ ಮಾತಾಡುವವಳು. "ನನ್ನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸ್ತಾಳೆ" ಎಂದು ಹೆಂಡತಿಯ ಮುಂದೆ ಹೇಳುವಾಗ ಅವನಿಗೆ ಒಳಗೊಳಗೇ ಹೆಮ್ಮೆ.

ಮಗಳು ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಆ ವರ್ಷ ಪ್ರಯೋಗಾಲಯದಲ್ಲಿ ಆಸಿಡ್ ಬಾಟಲಿ ಒಡೆದು, ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಒಂದು ಕಣ್ಣು ಹೋಯಿತು. ಆ ಹೊತ್ತಿನಲ್ಲಿ ಮಕ್ಕಳ ಜೊತೆ ಮೇಷ್ಟ್ರು ಯಾರೂ ಇರಲಿಲ್ಲ. ಹುಡುಗಿ ಓಡಾಡಿ ಎಡವಿ ಬಿದ್ದಳು ಎಂದು ಶಾಲೆಯವರು ಮೇಲಕ್ಕೆ ವರದಿ ಕಳಿಸಿ ಕೈ ತೊಳೆದುಕೊಂಡರು.

ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮಕ್ಕಳು ಸರದಿಯಂತೆ ಸುದ್ದಿ ಓದುವುದು ಆ ಶಾಲೆಯ ರೂಢಿ. ತನ್ನ ಸರದಿ ಬಂದಾಗ ಅವಳು ಪತ್ರಿಕೆಯ ಸುದ್ದಿ ಬಿಟ್ಟು ಗೆಳತಿಯ ಸುದ್ದಿ ಓದಿದಳು. ಮುಖ್ಯೋಪಾಧ್ಯಾಯರು ಮೈಕಿನ ವೈರು ಕಿತ್ತರು. ಅವಳು ಗಂಟಲು ಏರಿಸಿ, ಕೊನೆಯವರೆಗೂ ಓದಿಯೇ ವೇದಿಕೆಯ ಮೆಟ್ಟಿಲಿಳಿದಳು.

ಮರುದಿನ ತಂದೆಗೆ ಕರೆ ಬಂತು. ಅವನು ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು ಹೊರಟ.

"ನೋಡಮ್ಮ, ತಪ್ಪಾಯ್ತು ಅಂದುಬಿಡು. ದೊಡ್ಡವರ ಉಸಾಬರಿ ನಮಗ್ಯಾಕೆ?" ಎಂದ ದಾರಿಯಲ್ಲಿ. ಮಗಳು ನೆಲ ನೋಡುತ್ತಾ ನಡೆದಳು.

ಆಫೀಸಿನ ಬೀರುವಿನ ಮೇಲೆ ಧೂಳು ಹಿಡಿದ ಕಪ್ಪುಗಳು, ಷೀಲ್ಡುಗಳು. ಎದುರಿಗೆ ಎರಡು ಕುರ್ಚಿ ಖಾಲಿಯಿದ್ದರೂ ಮುಖ್ಯೋಪಾಧ್ಯಾಯರು ಕೂತ್ಕೊಳ್ಳಿ ಎನ್ನಲಿಲ್ಲ.

"ನಿಮ್ಮ ಮಗಳಿಗೆ ನಾಲಿಗೆ ಉದ್ದ. ಶಾಲೆ ಮಾನ ಹರಾಜು ಹಾಕಿದ್ದಾಳೆ. ನಾಳೆ ಅದೇ ಜಾಗದಲ್ಲಿ ನಿಂತು, ತಾನು ಓದಿದ್ದು ಸುಳ್ಳು ಅನ್ನಲಿ. ಇಲ್ಲಾಂದ್ರೆ ಟಿಸಿ ತಗೊಂಡು ಹೋಗಲಿ."

ಕೈ ಮುಗಿಯಲೆಂದೇ ಬಂದವನು ಆ 'ಸುಳ್ಳು' ಎಂಬ ಮಾತಿಗೆ ತಲೆಯೆತ್ತಿದ.

"ಏನು ಓದಿದಳು ಸಾರ್? ನಾನಿನ್ನೂ ಕೇಳಿಲ್ಲ."

ಅವರು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನಲ್ಲಿ ತಿರುಗಿಸಿದ್ರೆ ನೀರು ಬರಲಿಲ್ಲ. ನಮ್ಮ ಕುಡಿಯೋ ನೀರನ್ನೆಲ್ಲ ಅವಳ ಮುಖಕ್ಕೆ ಸುರಿದ್ವಿ. ಸಾಲಲಿಲ್ಲ. ಮೇಷ್ಟ್ರನ್ನ ಹುಡುಕಿಕೊಂಡು ಬರೋಷ್ಟರಲ್ಲಿ ಅವಳು ಕಿರುಚೋದನ್ನೂ ನಿಲ್ಲಿಸಿದ್ದಳು."

ಅವನು ಮುಖ್ಯೋಪಾಧ್ಯಾಯರ ಕಡೆ ತಿರುಗಿ ಕೇಳಿದ: "ಇದರಲ್ಲಿ ಸುಳ್ಳು ಯಾವುದು ಸಾರ್?"

"ನಿಜ ಸುಳ್ಳಿನ ಪ್ರಶ್ನೆ ಅಲ್ಲರೀ. ಮಕ್ಕಳು ಇದನ್ನೆಲ್ಲ ಮಾತಾಡೋ ಹಾಗಿಲ್ಲ, ಅಷ್ಟೇ."

"ಹಾಗಾದ್ರೆ ಸುಳ್ಳು ಅಂತ ಹೇಳು ಅಂತ ನಾನು ಇವಳಿಗೆ ಹೇಗೆ ಹೇಳ್ಲಿ?"

ಮಧ್ಯಾಹ್ನದೊಳಗೆ ಟಿಸಿ ಕೈಗೆ ಬಂತು. ಅದರಲ್ಲಿ 'ದುರ್ನಡತೆ' ಎಂದು ಬರೆದದ್ದನ್ನು ನೋಡಿದ ಬೇರೆ ಶಾಲೆಗಳೆಲ್ಲ ಸೇರಿಸಿಕೊಳ್ಳಲು ಆಗದು ಎಂದವು. ಮಗಳು ಮನೆಯಲ್ಲೇ ಉಳಿದಳು. ಅವನು ಡ್ಯೂಟಿ ಬದಲಾಯಿಸಿಕೊಂಡು ದೂರು ಹಿಡಿದು ಶಿಕ್ಷಣ ಇಲಾಖೆಯ ಕಚೇರಿಗೆ ಚಪ್ಪಲಿ ಸವೆಸಿದ. "ಮೇಲಿನವರ ಕಣ್ಣಿಗೆ ಯಾಕೆ ಬೀಳ್ತೀಯಪ್ಪಾ?" ಎಂದ ಡಿಪೋ ಮ್ಯಾನೇಜರು, ಅವನನ್ನು ಯಾರಿಗೂ ಬೇಡವಾದ ದೂರದ ರೂಟಿಗೆ ಹಾಕಿದರು.

ಇಲಾಖೆಯಲ್ಲಿ ವಿಚಾರಣೆ ನಡೆಯುವಾಗ ವರ್ಷ ಉರುಳಿತ್ತು. ಶಾಲೆಯ ಪರವಾಗಿ ಸಾಕ್ಷಿ ಹೇಳಲು ಬಂದವನು ಬೇರೆ ಯಾರೂ ಅಲ್ಲ, ಗೆಳತಿಯ ತಂದೆಯೇ. ತನ್ನ ಮಗಳು ಎಡವಿಯೇ ಬಿದ್ದಳು ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹೊರಗೆ ವರಾಂಡದಲ್ಲಿ ಚಾಲಕನ ತೋಳು ಹಿಡಿದುಕೊಂಡ.

"ಚಿಕ್ಕವಳೂ ಅಲ್ಲೇ ಓದ್ತಿದ್ದಾಳಣ್ಣ. ಅವಳನ್ನಾದ್ರೂ ಉಳಿಸ್ಕೋಬೇಕಲ್ಲ."

ಬೈಯಬೇಕೆಂದು ಬಾಯಿಗೆ ಬಂದದ್ದನ್ನು ಚಾಲಕ ನುಂಗಿಕೊಂಡ.

ಮಾತಾಡಿದ್ದಕ್ಕೆ ವಿದ್ಯಾರ್ಥಿಯನ್ನು ಹೊರಹಾಕುವ ಹಕ್ಕು ಶಾಲೆಗಿಲ್ಲ, ಹುಡುಗಿಯನ್ನು ವಾಪಸ್ಸು ಸೇರಿಸಿಕೊಳ್ಳಿ ಎಂದು ಅಧಿಕಾರಿ ಆದೇಶ ಕೊಟ್ಟರು. ಕಣ್ಣು ಹೇಗೆ ಹೋಯಿತು ಎಂಬ ಬಗ್ಗೆ ಚಕಾರವಿರಲಿಲ್ಲ. ಅಸೆಂಬ್ಲಿಯಲ್ಲಿ ಈಗ ಮೇಷ್ಟ್ರುಗಳೇ ಸುದ್ದಿ ಓದುತ್ತಿದ್ದರು.

ಮೊದಲ ದಿನ ಅವನೇ ಮಗಳನ್ನು ಗೇಟಿನವರೆಗೆ ಬಿಡಲು ಹೋದ. ಕಪ್ಪು ಕನ್ನಡಕದ ಗೆಳತಿ ತಂಗಿಯ ಕೈ ಹಿಡಿದು ಬರುತ್ತಿದ್ದಳು. ಹತ್ತಿರ ಬಂದಾಗ, ತಲೆ ಎತ್ತದೆ, "ನಮ್ಮಪ್ಪ ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ್ವೇ" ಎಂದಳು. ಉತ್ತರಕ್ಕೆ ಕಾಯದೆ ಹತ್ತನೇ ತರಗತಿಯ ಕಡೆಗೆ ಸರಸರ ನಡೆದುಬಿಟ್ಟಳು.

ಮಗಳು ಅವಳು ಹೋದ ಕಡೆಗೇ ನೋಡುತ್ತಿದ್ದಳು. ಬೆಲ್ಲು ಹೊಡೆಯಿತು.

"ಹೋಗಮ್ಮ" ಎಂದ ಅವನು.

ಅವಳು ಹೋಗಿ, ತನಗಿಂತ ಚಿಕ್ಕವರ ನಡುವೆ, ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು.