ಸ್ಟೋರಕ್ಕನವರ ಸ್ವಂತ ಕಾರು

ಹಳೆಯ ಬಿಎಂಡಬ್ಲ್ಯು ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡು ಬರುವ ವಿದ್ಯೆಯಲ್ಲಿ ಎರಡು ಬಗೆಯ ಜನರಿದ್ದಾರೆ. ಬಿಚ್ಚಿ ರಿಪೇರಿ ಮಾಡುವವರು ಒಂದು ಬಗೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಬೇಕಾದ, ಅಂಗಡಿಗಳಲ್ಲಿ ಎಂದೋ ಮಾಯವಾದ ಬಿಡಿಭಾಗಗಳನ್ನು ಹುಡುಕಿ ತಂದುಕೊಡುವವರು ಇನ್ನೊಂದು ಬಗೆ. ಮೊದಲನೆಯವರ ಭುಜದ ಮೇಲೆ ಕೈಯಿಟ್ಟು ಗಿರಾಕಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡನೆಯವರು ಒಳಗಿನ ಕತ್ತಲೆ ಕೋಣೆಯಲ್ಲಿ ಟೆಲಿಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಿರುತ್ತಾರೆ. ನಮ್ಮೆಲ್ಲರ ಬಾಯಲ್ಲಿ ‘ಸ್ಟೋರಕ್ಕ’ ಎಂದೇ ಕರೆಸಿಕೊಂಡ, ಈಗ ಸೇವೆಯಿಂದ ನಿವೃತ್ತರಾಗಿರುವ ಈ ಹಿರಿಯರು ಎರಡನೆಯ ಬಗೆಗೆ ಸೇರಿದವರು, ಮತ್ತು ನಾನು ಕಂಡಂತೆ ಆ ಬಗೆಯಲ್ಲಿ ಅಗ್ರಗಣ್ಯರು.

ಹಳೆಯ ಕಾರುಗಳ ಬಳಗದ ಪರವಾಗಿ ಅವರ ಈ ಅಭಿನಂದನ ಗ್ರಂಥವನ್ನು ಸಿದ್ಧಪಡಿಸುತ್ತಿರುವ ಸಂಪಾದಕರು ನನ್ನಿಂದ ಕೆಲವು ಸವಿನೆನಪುಗಳನ್ನು ಬಯಸಿದ್ದಾರೆ. ಸ್ಟೋರಕ್ಕನವರು ದುಡಿದ ಗ್ಯಾರೇಜಿನಲ್ಲೇ ಮುಂದಿನ ಮೇಜಿನ ಬಳಿ ಕುಳಿತು, ಗಿರಾಕಿಗಳ ದೂರುಗಳನ್ನು ಕೇಳಿ ಒಳಗೆ ಕಳುಹಿಸುವುದರಲ್ಲೇ ನನ್ನ ತಲೆ ನರೆತಿದೆ. ನನ್ನಲ್ಲಿ ನೆನಪುಗಳಿಗೆ ಕೊರತೆಯಿಲ್ಲ. ಸವಿಯ ವಿಷಯದಲ್ಲಿ ಮಾತ್ರ ನಾನು ಸಂಪಾದಕರಿಗೆ ಮಾತು ಕೊಟ್ಟಿರಲಿಲ್ಲ.

ಸ್ಟೋರಕ್ಕನವರು ಗ್ಯಾರೇಜಿಗೆ ಬಂದದ್ದು ಈಗಿನ ಮಾಲೀಕರ ತಂದೆಯವರ ಕಾಲದಲ್ಲಿ, ಸ್ಟೋರಿನ ಧೂಳು ಒರೆಸುವ ಕೆಲಸಕ್ಕೆ. ಆಗಿನ ಸ್ಟೋರ್ ಕೀಪರು ಹೇಳದೆ ಕೇಳದೆ ಕೆಲಸ ಬಿಟ್ಟುಹೋದಾಗ, ಯಾವ ಬೇರಿಂಗು ಯಾವ ಗೂಡಿನಲ್ಲಿದೆ ಎಂಬುದು ಧೂಳು ಒರೆಸಿದವರಿಗಲ್ಲದೆ ಬೇರೆ ಯಾರಿಗೂ ತಿಳಿಯದಂತಾಗಿ, ಬೀಗದ ಕೈ ಇವರಿಗೇ ಬಂತು. ಅದೇ ಸ್ಟೋರಿನ ಕಿಟಕಿಯಲ್ಲಿ ನಮ್ಮ ಇಂಜಿನ್ ಮೇಸ್ತ್ರಿಯವರ ಪರಿಚಯವಾಯಿತು. ಮೇಸ್ತ್ರಿ ಮಿತಭಾಷಿ, ಮಾತಾಡಲು ನೆಪ ಸಿಗದೆ ಮತ್ತೆ ಮತ್ತೆ ವಾಷರು ಕೇಳಿಕೊಂಡು ಬರುತ್ತಿದ್ದರು. ಆ ವರ್ಷ ನಮ್ಮ ಗ್ಯಾರೇಜಿನಲ್ಲಿ ಖರ್ಚಾದಷ್ಟು ವಾಷರು ಕಾರು ತಯಾರಿಸುವ ಕಾರ್ಖಾನೆಯಲ್ಲೂ ಖರ್ಚಾಗಿರಲಾರದು. ಇಬ್ಬರ ಮದುವೆಯಾದ ಮೇಲೆ ಲೆಕ್ಕ ಸರಿಹೋಯಿತು.

ಸ್ಟೋರಕ್ಕನವರ ಕಾರ್ಯವೈಖರಿಯನ್ನು ನೋಡಿದವರೇ ಬಲ್ಲರು. ಬಾಗಿಲಿನ ರಬ್ಬರುಗಳು ಒಂದಕ್ಕೊಂದು ಅಂಟದಂತೆ ಮಗುವಿಗೆ ಹಚ್ಚುವ ಪೌಡರು ಹಚ್ಚಿ ಸುತ್ತಿಡುತ್ತಿದ್ದರು. ದೂರದೇಶದ ವ್ಯಾಪಾರಿಗಳೊಡನೆ ಅರೆಬರೆ ಇಂಗ್ಲಿಷಿನಲ್ಲಿ ಫೋನಿನಲ್ಲಿ ಜಗಳವಾಡಿ, ಕೊನೆಗೆ ಅವರ ಮನೆಯವರ ಆರೋಗ್ಯವನ್ನೂ ವಿಚಾರಿಸಿ, ವಾಟರ್ ಪಂಪೊಂದನ್ನು ತರಿಸಿಕೊಳ್ಳುವ ಕಲೆ ಅವರಿಗೊಬ್ಬರಿಗೇ ಸಿದ್ಧಿಸಿತ್ತು. ಊರಾಚೆಯ ಗುಜರಿ ಅಂಗಡಿಯವನಂತೂ ಹಳೆಯ ಬಿಎಂಡಬ್ಲ್ಯುವಿನ ಒಂದು ಹಿಡಿಕೆ ಸಿಕ್ಕರೂ ಮೊದಲು ಇವರಿಗೇ ಸುದ್ದಿ ಮುಟ್ಟಿಸುತ್ತಿದ್ದ.

ಆ ಗುಜರಿಯಿಂದಲೇ ಗಂಡಹೆಂಡಿರು ಒಂದು ಕಾರು ತಂದರು. 2002 ಎಂಬ ಮಾದರಿಯದು. ಇದು ಇಸವಿಯಲ್ಲ, ಕಾರಿನ ಹೆಸರು. ಕಾರು ಅದಕ್ಕಿಂತ ಬಹಳ ಹಳೆಯದು. ಎರಡು ಬಾಗಿಲು, ಹಿಂದೆ ದುಂಡನೆಯ ಕೆಂಪು ದೀಪಗಳು, ಮಾಸಿದ ಹಸಿರು ಬಣ್ಣ. ಮಾಲೀಕರ ಅನುಮತಿ ಪಡೆದು ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿಕೊಂಡು, ರಜೆಯ ದಿನಗಳಲ್ಲಿ ಇಬ್ಬರೂ ಸೇರಿ ಅದಕ್ಕೆ ಜೀವ ತುಂಬತೊಡಗಿದರು. ಅವರ ಮಗಳು ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೇ ಮಗ್ಗಿ ಕಲಿತಳು. ಕೊನೆಗೊಂದು ದಿನ ಇಂಜಿನ್ನು ಚಾಲೂ ಆಯಿತು. ಮೇಸ್ತ್ರಿಯವರು ಕೈ ಒರೆಸಿಕೊಳ್ಳುತ್ತ, “ಇನ್ನು ಪೇಂಟಿಂಗ್ ಒಂದು ಆದ್ರೆ ಮೂರೂ ಜನ ಸಮುದ್ರ ನೋಡ್ಕೊಂಡು ಬರೋದೇ” ಎಂದು ನಮ್ಮೆಲ್ಲರೆದುರು ಘೋಷಿಸಿದರು. ಅವರು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪೇಂಟಿಂಗ್ ಆಗುವ ಮೊದಲೇ ಅವರ ಎದೆ ಕೈಕೊಟ್ಟಿತು. ಕೆಲಸದ ನಡುವೆಯೇ, ಬೇರೊಬ್ಬರ ಕಾರಿನ ಬಾನೆಟ್ಟಿನ ಕೆಳಗೆ ಕುಸಿದವರು ಮತ್ತೆ ಏಳಲಿಲ್ಲ.

ಸ್ಟೋರಕ್ಕನವರು ಹಸಿರು ಕಾರಿಗೆ ಟಾರ್ಪಾಲು ಹೊದಿಸಿ ಕೆಲಸಕ್ಕೆ ಮರಳಿದರು. ಅವರ ಉಪಕಾರಗಳನ್ನು ಸ್ಮರಿಸಬೇಕಾದದ್ದು ಇಲ್ಲಿಂದ ಮುಂದೆ.

ನಮ್ಮ ಬಳಗದ ದಂತವೈದ್ಯರ ಬಳಿಯೂ ಅದೇ ಮಾದರಿಯ ಕಾರಿತ್ತು. ಮಗಳ ಮದುವೆಗೆ ಅದರಲ್ಲೇ ವಧುವನ್ನು ಕರೆದೊಯ್ಯಬೇಕೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಯಾರೋ ಹಿಂದಿನಿಂದ ಗುದ್ದಿ ದೀಪ ಒಡೆದರು. ತರಿಸಿದ ದೀಪ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡಿತು. ಮಾಲೀಕರು ಸ್ಟೋರಿನ ಕಿಟಕಿಗೆ ಬಂದು ಕೈ ಹೊಸೆದರು.

“ಅಕ್ಕಾ, ಸದ್ಯಕ್ಕೆ ನಿಮ್ಮ ಗಾಡೀದು ಹಾಕಿ ಕಳಿಸೋಣ. ಪಾರ್ಸಲ್ ಬಂದ ತಕ್ಷಣ ಆ ಹೊಸದು ನಿಮಗೇ.”

“ಮದುವೆ ಹುಡುಗಿ ಅಲ್ವಾ, ಹಾಕಿ,” ಎಂದು ಸ್ಟೋರಕ್ಕ ತಾವೇ ಸ್ಕ್ರೂಡ್ರೈವರು ಹಿಡಿದು ಶೆಡ್ಡಿಗೆ ನಡೆದರು.

ಪಾರ್ಸಲ್ ಬಂತು. ಆ ದೀಪ ಅಂದೇ ಇನ್ನೊಬ್ಬ ಗಿರಾಕಿಯ ಕಾರಿಗೆ ಹೋಯಿತು. ಹಸಿರು ಕಾರು ಒಂಟಿ ದೀಪದ್ದಾಯಿತು. ಸ್ವಲ್ಪ ದಿನದಲ್ಲಿ ಆ ಒಂದೂ ಹೋಯಿತು.

ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದ ಮೇಷ್ಟ್ರೊಬ್ಬರ ಕಾರಿನ ಸ್ಟೀರಿಂಗ್ ಚಕ್ರ ಬಿರುಕುಬಿಟ್ಟು ಅಂಗೈ ಕೊಯ್ಯುತ್ತಿತ್ತು. ಅವರಿಗೆ ಇವರ ಕಾರಿನ ಚಕ್ರ ಹೋಯಿತು. ಕಾರ್ಬುರೇಟರು, ಗೇರ್‌ಬಾಕ್ಸು, ಬಾಗಿಲಿನ ಗಾಜುಗಳು, ಮಗಳು ಮಗ್ಗಿ ಕಲಿತ ಸೀಟು, ಹೀಗೆ ಒಂದೊಂದಾಗಿ ಕಾರು ಕರಗಿತು. ಪ್ರತಿ ಸಲವೂ ‘ಸದ್ಯಕ್ಕೆ’ ಎಂಬ ಮಾತೇ. ಆ ಪದ ಎಷ್ಟು ದೀರ್ಘಕಾಲ ಬಾಳಬಲ್ಲದು ಎಂಬುದನ್ನು ನಾನು ನಮ್ಮ ಗ್ಯಾರೇಜಿನಲ್ಲಿ ಕಲಿತೆ. ಇವರೇ ಬಿಡಿಭಾಗ ತರಿಸುವವರಲ್ಲವೇ, ತಮ್ಮ ಕಾರಿಗೂ ತರಿಸಿಕೊಳ್ಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ತರಿಸುತ್ತಿದ್ದರು. ಬಂದದ್ದು ಶೆಡ್ಡಿನವರೆಗೆ ತಲುಪಲು ನಡುವೆ ಯಾರಾದರೊಬ್ಬ ಗಿರಾಕಿ ಅವಸರದಲ್ಲಿ ನಿಂತಿರುತ್ತಿದ್ದ.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದ್ದ ಮಗಳು ಒಮ್ಮೆ ತಾಯಿಯನ್ನು ಕರೆದೊಯ್ಯಲು ಬಂದವಳು ಟಾರ್ಪಾಲು ಎತ್ತಿ ನೋಡಿ ದಂಗಾಗಿ ನಿಂತಳು. “ಏನಮ್ಮಾ ಇದು? ಅಪ್ಪನ ಕಾರನ್ನ ಹೀಗೆ ಕಿತ್ತು ಕಿತ್ತು ಹಂಚ್ತಾ ಇದೀಯಲ್ಲ?”

“ಇಂಜಿನ್ ಇದೆಯಲ್ಲೇ. ಅದೊಂದಿದ್ರೆ ಮಿಕ್ಕಿದ್ದು ಹೇಗಾದ್ರೂ ಸೇರಿಸ್ಬಹುದು.”

ಆ ಇಂಜಿನ್ನಿನ ಮೇಲೂ ಕಣ್ಣು ಬಿತ್ತು. ಬಳಗದ ವಕೀಲರು ಹಳೆಯ ಕಾರುಗಳ ಓಟಕ್ಕೆ ಹೆಸರು ಕೊಟ್ಟಿದ್ದರು. ಅಭ್ಯಾಸದಲ್ಲೇ ಅವರ ಕಾರಿನ ಇಂಜಿನ್ನು ಜಾಮಾಯಿತು. ಮಾಲೀಕರು ಈ ಸಲ ಸ್ಟೋರಿನ ಒಳಗೇ ಬಂದು ಸ್ಟೂಲೆಳೆದು ಕುಳಿತರು. ಕಾಗದ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

“ನೋಡಿ ಅಕ್ಕಾ, ನಿಂತಲ್ಲೇ ನಿಂತ್ರೆ ಎಂಥಾ ಇಂಜಿನ್ನೂ ಕೆಟ್ಟುಹೋಗತ್ತೆ. ಓಡೋ ಗಾಡೀಲಿದ್ರೆ ಮೇಸ್ತ್ರಿ ಕೈಕೆಲಸ ಬದುಕಿರತ್ತೆ. ಅವರೇ ಇದ್ದಿದ್ರೂ ಇದನ್ನೇ ಹೇಳ್ತಿದ್ರು.”

“ಅವರು ಏನು ಹೇಳ್ತಿದ್ರು ಅನ್ನೋದು ನಂಗೊತ್ತು,” ಎಂದರು ಸ್ಟೋರಕ್ಕ. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಕಡತಕ್ಕೆ ಸಿಕ್ಕಿಸಿದರು. ಆಮೇಲೆ, “ಓಡತ್ತಲ್ಲಾ? ನಿಜವಾಗ್ಲೂ ಓಡಿಸ್ತಾರಲ್ಲಾ?” ಎಂದು ಕೇಳಿದರು.

ಸರಪಳಿಗೆ ಸಿಕ್ಕಿಸಿ ಇಂಜಿನ್ನನ್ನು ಮೇಲೆತ್ತುವಾಗ ಅದು ಓಲಾಡಿ ಎಲ್ಲಿಗೂ ತಗುಲದಂತೆ ತಮ್ಮ ಎರಡೂ ಕೈಗಳಿಂದ ಹಿಡಿದುಕೊಂಡವರು ಅವರೇ. ವಕೀಲರು ಗೆದ್ದರು. ಗೆದ್ದ ಕಪ್ಪನ್ನು ಹಿಡಿದು ಮಾಡಿದ ಭಾಷಣದಲ್ಲಿ ಮಾಲೀಕರನ್ನು, ತಮ್ಮ ಶ್ರೀಮತಿಯವರನ್ನು, ಕೊನೆಗೆ ಆ ದಿನದ ಹವೆಯನ್ನೂ ನೆನೆದರು. ಮುಂದೆ ಕೆಲವು ವರ್ಷ ಆ ಕಾರು ನಮ್ಮ ಬೀದಿಗೆ ತಿರುಗಿದರೆ ಸಾಕು, ಸ್ಟೋರಕ್ಕ ಕೈಯಲ್ಲಿದ್ದದ್ದನ್ನು ಇಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಂದು ದಿನ ವಕೀಲರು ಕಾರನ್ನು ಬೇರೆ ಊರಿನವರಿಗೆ ಮಾರಿದರು. ಯಾರಿಗೆಂದು ಸ್ಟೋರಕ್ಕ ನನ್ನ ಮೂಲಕ ಕೇಳಿಸಿದರು. “ಈಗ ನೆನಪಿಲ್ಲ ಕಣ್ರಿ, ಯಾಕೆ?” ಎಂದರು ವಕೀಲರು.

ನಿವೃತ್ತಿ ಹತ್ತಿರವಾದಾಗ ಸ್ಟೋರಕ್ಕನವರು ಮಾಲೀಕರಲ್ಲಿ ಒಂದೇ ಒಂದು ಬೇಡಿಕೆ ಇಟ್ಟರು: ಉಳಿದಿರುವ ಖಾಲಿ ಬಾಡಿಯನ್ನು ಮನೆಗೆ ಸಾಗಿಸಿಕೊಡಬೇಕು. ಮಗಳ ಮನೆಯ ಪಕ್ಕದಲ್ಲಿ ಜಾಗ ಗೊತ್ತುಮಾಡಿದ್ದರು. ಇನ್ನು ಯಾರ ಅವಸರವೂ ಇಲ್ಲದೆ, ಒಂದೊಂದೇ ಸಾಮಾನು ತರಿಸಿ, ತಮ್ಮದನ್ನು ತಾವು ಮಾಡಿಕೊಳ್ಳುವ ಯೋಚನೆ. “ಆಗಲಿ ಅಕ್ಕಾ, ಅದೇನು ದೊಡ್ಡ ವಿಷಯ,” ಎಂದರು ಮಾಲೀಕರು.

ಆ ದಿನಗಳಲ್ಲಿ ಗ್ಯಾರೇಜಿನ ಮುಂಗೋಣೆಯನ್ನು ಹೊಸದಾಗಿ ಅಲಂಕರಿಸಲಾಗುತ್ತಿತ್ತು. ಕೆಲಸವೆಲ್ಲ ಪರದೆಯ ಹಿಂದೆ. ಪರದೆ ಸರಿಸಿದ ದಿನ ಗೋಡೆಯ ಮೇಲೆ, ಈಗಷ್ಟೇ ಗೋಡೆಯನ್ನು ಸೀಳಿಕೊಂಡು ಹೊರಬರುತ್ತಿರುವಂತೆ, ಕಾರೊಂದರ ಮುಂಭಾಗ ನಿಂತಿತ್ತು. ಮೈಗೆ ಕೆಂಪು ಬಣ್ಣ, ದೀಪಗಳಲ್ಲಿ ಬೆಳಕು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಸ್ಟೋರಕ್ಕ ಹತ್ತಿರ ಹೋಗಿ ಬಾನೆಟ್ಟಿನ ಅಂಚಿನ ಕೆಳಗೆ ಬೆರಳಾಡಿಸಿದರು. ಅಲ್ಲಿ ಬಣ್ಣ ತಲುಪಿರಲಿಲ್ಲ, ಹಸಿರು ಕಂಡಿತು.

“ನಿಮಗೆ ಸಂತೋಷ ಆಗ್ಲಿ ಅಂತ್ಲೇ ಮಾಡಿಸಿದ್ದು ಅಕ್ಕಾ,” ಎಂದರು ಮಾಲೀಕರು. ಅವರು ಅದನ್ನು ನಂಬಿದ್ದರೆಂಬುದು ನನ್ನ ಅನಿಸಿಕೆ. “ಕೆಳಗೆ ಮೇಸ್ತ್ರಿ ಹೆಸರು ಬರೆಸೋಣ.”

“ಹಿಂದಿನ ಅರ್ಧ ಎಲ್ಲಿ?”

“ಅದನ್ನಿಟ್ಕೊಂಡು ಏನ್ಮಾಡೋದು? ಗುಜರಿಗೆ ಕಳಿಸಿದ್ವಿ.”

ಸ್ಟೋರಕ್ಕ ಆಟೋ ಹಿಡಿದು ಗುಜರಿಗೆ ಹೊರಟರು; ನಾನೂ ಜೊತೆಗೆ ಹತ್ತಿದೆ. ಗುಜರಿಯವನು ಇವರನ್ನು ಕಂಡು ನಗುತ್ತ ಎದ್ದವನು, ವಿಷಯ ತಿಳಿದು ತಲೆಯ ಮೇಲೆ ಕೈಹೊತ್ತು ಕುಳಿತ. “ನಿಮ್ದು ಅಂತ ಒಂದು ಮಾತು ಹೇಳಿದ್ರೆ ಮಿಷನ್ನಿಗೆ ಹಾಕಿಸ್ತಿದ್ನಾ ಅಕ್ಕಾ? ನಿನ್ನೆ ಒತ್ತಿಬಿಟ್ವಿ.” ಒತ್ತಿದ ಕಬ್ಬಿಣದ ದಿಮ್ಮಿಗಳು ಸಾಲಾಗಿ ಪೇರಿಸಿದ್ದವು. ಯಾವುದೆಂದು ತೋರಿಸಲು ಅವನಿಗೂ ಆಗಲಿಲ್ಲ.

ಒಬ್ಬರ ವಿಷಯ ಹೇಳದಿದ್ದರೆ ತಪ್ಪಾದೀತು. ಗಣಿತದ ಮೇಷ್ಟ್ರು ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟಿದ್ದರು. ನಿವೃತ್ತಿಯ ಸುದ್ದಿ ಕೇಳಿ, ಸ್ಟೀರಿಂಗ್ ಚಕ್ರವನ್ನು ಬಿಚ್ಚಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು, ಬಸ್ಸು ಬದಲಿಸುತ್ತ ಸ್ಟೋರಕ್ಕನವರ ಮನೆ ಹುಡುಕಿಕೊಂಡು ಬಂದರು. ತೆಗೆದುಕೊಂಡದ್ದನ್ನು ಹಿಂದಿರುಗಿಸಲು ಬಂದವರು ನಮ್ಮ ಇಡೀ ಬಳಗದಲ್ಲಿ ಅವರೊಬ್ಬರೇ. ಸ್ಟೋರಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರಂತೆ.

“ಇದನ್ನ ಯಾವುದಕ್ಕೆ ಹಾಕ್ಲಿ ಸಾರ್?” ಎಂದರಂತೆ.

ಮೇಷ್ಟ್ರಿಗೆ ಆಗಲೇ ವಿಷಯ ತಿಳಿದದ್ದು. ಆ ಹಿರಿಯರು ಅತ್ತುಬಿಟ್ಟರೆಂದು ಮಗಳು ನನಗೆ ಹೇಳಿದಳು. ತಾಯಿ ಅತ್ತರೇ ಎಂದು ನಾನು ಕೇಳಲಿಲ್ಲ. ಅವರು ಮರುದಿನ ಮೇಷ್ಟ್ರ ಮನೆಗೆ ಹೋಗಿ ಚಕ್ರವನ್ನು ಮತ್ತೆ ಅವರ ಕಾರಿಗೇ ಕೂರಿಸಿ, ನಟ್ಟು ಬಿಗಿದು ಬಂದದ್ದು ಮಾತ್ರ ನನಗೆ ಗೊತ್ತು. ಒಂದಾದರೂ ಪೂರ್ತಿಯಾಗಿರಲಿ ಎಂದರಂತೆ.

ಅಲ್ಲಿ ಮೇಷ್ಟ್ರು ಕೀಲಿ ಮುಂದೆ ಹಿಡಿದು, “ಒಂದು ಸುತ್ತು ಹೋಗಿ ಬನ್ನಿ” ಎಂದರಂತೆ. ಸ್ಟೋರಕ್ಕನವರಿಗೆ ಕಾರು ಓಡಿಸಲು ಬರುವುದಿಲ್ಲ! ಒಂದೇ ಗ್ಯಾರೇಜಿನಲ್ಲಿ ಆಯುಷ್ಯ ಸವೆಸಿದ ನನಗೂ ಇದು ತಿಳಿದಿರಲಿಲ್ಲ. “ನಮ್ಮ ಕಾರಲ್ಲೇ ಕಲಿಸ್ತೀನಿ, ಬೇರೆಯವರ ಗಾಡೀಲಿ ಬೇಡ ಅಂದಿದ್ರು ನಮ್ಮನೆಯವರು” ಎಂದು ನಾನು ಕೇಳಿದಾಗ ಹೇಳಿದರು. ಆ ವಾರವೇ ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾರೆ. ಅಲ್ಲಿನದು ಬಿಳಿಯ ಪುಟ್ಟ ಕಾರು, ನೆತ್ತಿಯ ಮೇಲೆ ಹಳದಿ ಹಲಗೆ. ಕಲಿಸುವವನು ಅವರ ಮಗಳಿಗಿಂತ ಚಿಕ್ಕವನು, ಬೈಗುಳದಲ್ಲಿ ಮಾತ್ರ ಹಿರಿಯ. ಕ್ಲಚ್ಚು ಇನ್ನೂ ಒಗ್ಗಿಲ್ಲ.

ಅಭಿನಂದನ ಸಮಾರಂಭಕ್ಕೆ ಅವರು ಬರುವರೋ ಇಲ್ಲವೋ ನಾನರಿಯೆ. ಸಭೆ ಗ್ಯಾರೇಜಿನ ಮುಂಗೋಣೆಯಲ್ಲೇ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿಯಾದ ಕೈಕಾಲುಗಳನ್ನೂ ನಾನು ಮನಸಾರೆ ಹಾರೈಸುತ್ತೇನೆ; ಇನ್ನು ಮುಂದೆ ಮಾಡುವ ಕೆಲಸವೆಲ್ಲ ಅವರದೇ ಆಗಲಿ ಎಂದು ಬಯಸುತ್ತೇನೆ. ಬಳಗದ ಮಾನ್ಯ ಸದಸ್ಯರಲ್ಲಿ ನನ್ನದೊಂದು ವಿನಂತಿಯಿದೆ. ತಾವು ತಮ್ಮ ಅಂದವಾದ ಹಳೆಯ ಕಾರುಗಳಲ್ಲಿ ಹೊರಟಾಗ, ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಕದಲದೆ, ತಮ್ಮೆದುರು ಹಳದಿ ಹಲಗೆಯ ಬಿಳಿ ಕಾರೊಂದು ಆಫಾಗಿ ನಿಂತಿದ್ದರೆ, ದಯವಿಟ್ಟು ಹಾರ್ನ್ ಒತ್ತಬೇಡಿ.