ಆನೆಯ ಬಲಮಗ್ಗುಲು

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಏಜೆಂಟನ ಗಂಟಲು ಬಿಚ್ಚಿಕೊಳ್ಳುತ್ತದೆ. "ಶಿರಾಳಕೊಪ್ಪ, ಸೊರಬಾ! ಸೊರಬ ಸೊರಬ ಸೊರಬಾ!" ಅವನು ಕೂಗುತ್ತಾ ಕೂಗುತ್ತಾ ಅದು ಊರಿನ ಹೆಸರಾಗಿ ಉಳಿಯದೆ ಯಾವುದೋ ಹಕ್ಕಿಯ ದನಿಯಂತೆ ಕೇಳತೊಡಗುತ್ತದೆ. ಓಣಿಯವರ ಕಿವಿಗೆ ಅದು ಬೀಳುವುದೇ ಇಲ್ಲ. ಮಹಾದೇವಮ್ಮನಿಗೆ ಮಾತ್ರ ಗೌರಿ ಹುಣ್ಣಿಮೆ ಹತ್ತಿರವಾದ ದಿನಗಳಲ್ಲಿ ಬೀಳುತ್ತದೆ. ಸೊರಬಕ್ಕೆ ಹೋದ ಬಸ್ಸು ಹೊರಳಿ ಬರುವಾಗ ಅದರಿಂದ ರಾಧಮ್ಮ ಇಳಿಯಬೇಕು. ರಾಧಮ್ಮ ಅವಳ ನೆಗೆಣ್ಣಿ, ಮೈದುನ ದೇವರಾಜನ ಹೆಂಡತಿ. ಪ್ರತಿ ವರ್ಷ ಹುಣ್ಣಿಮೆಗೆ ಮುಂಚೆ ಕಂಕುಳಲ್ಲಿ ಒಂದು ಗಂಟು ಅವುಚಿಕೊಂಡು ಇಳಿಯುತ್ತಿದ್ದಳು. ಈ ವರ್ಷ ಇಳಿದಿರಲಿಲ್ಲ. ಫೋನು ಮಾಡಿದರೆ ಎತ್ತುತ್ತಲೂ ಇರಲಿಲ್ಲ.

ಮಹಾದೇವಮ್ಮ ಸಕ್ಕರೆ ಗೊಂಬೆ ಎರೆಯುವವಳು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಗುಡಿಗೆ ಒಯ್ಯುವ ಆರತಿ ತಟ್ಟೆಯ ಮೇಲೆ ನಿಲ್ಲುವ ಆನೆ, ನವಿಲು, ತುಳಸಿಕಟ್ಟೆಗಳೆಲ್ಲ ಅವಳ ಒಲೆಯ ಮುಂದೆ ಹುಟ್ಟಿದವು. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ತೆಗೆದುಕೊಂಡು ಹೋಗುತ್ತಾರಲ್ಲ, ಅದಕ್ಕಂತೂ ಊರಿನವರು ಅವಳ ಬಾಗಿಲಿಗೇ ಬರುತ್ತಿದ್ದರು. ಎಷ್ಟೋ ಮನೆಯ ಸೊಸೆಯಂದಿರ ಮೊದಲ ಸಿಹಿ ಅವಳ ಕೈಯದು.

ಈ ಸಲ ಅವಳ ಮನೆಯ ಸರದಿ. ಮಗ ಶ್ರೀಕಾಂತನಿಗೆ ಬಂದಳಿಕೆಯ ರಂಜನಾ ಎಂಬ ಹುಡುಗಿ ಗೊತ್ತಾಗಿದ್ದಳು. ನಿಶ್ಚಿತಾರ್ಥದ ದಿನ ಹುಡುಗಿಯ ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ, "ಈಗೆಲ್ಲ ಪ್ಲಾಸ್ಟಿಕ್ ಅಚ್ಚಿನವು ಬರ್ತಾವೆ. ಬಾಯಾಗೆ ಇಟ್ರೆ ಸೋಪು ಕಚ್ಚಿದಂಗಾಕೈತಿ" ಎಂದಿದ್ದಳು. ಮಹಾದೇವಮ್ಮ ಬೀಗರ ನಡುವೆ ಎದೆ ಸೆಟೆಸಿ ಉತ್ತರ ಕೊಟ್ಟಿದ್ದಳು: "ನಮ್ಮ ಮನೆಯಿಂದ ಬರೋ ಆನೆ ನಮ್ಮ ಮಾವನ ಮರದ ಅಚ್ಚಿಂದು ಅಜ್ಜಿ. ಕೊಂಡಿದ್ದು ತಂದ್ರೆ ಹೊಸಿಲು ದಾಟಿಸ್ಬ್ಯಾಡ್ರಿ, ತಿರುಗಿ ಕಳಿಸ್ರಿ." ಎಲ್ಲರೂ ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಆದರೆ ಆ ಅಚ್ಚು ಅವಳ ಹತ್ತಿರ ಇದ್ದದ್ದು ಅರ್ಧ.

ಅಣ್ಣ ತಮ್ಮ ಬೇರೆಯಾದ ವರ್ಷ ಮನೆ, ಹೊಲ, ಹಂಡೆ, ಕೊಳಗ ಎಲ್ಲ ಪಾಲಾಗಿ ಕೊನೆಗೆ ಅಚ್ಚುಗಳು ಉಳಿದವು. ಎರಡು ಹೋಳು ಸೇರಿದರೆ ಒಂದು ಗೊಂಬೆ. ಸಂದಿನಲ್ಲಿ ಕೂದಲೆಳೆಯೂ ತೂರದು. ಮಹಾದೇವಮ್ಮನ ಗಂಡ ತೋಟಪ್ಪ ಹಿರಿಯನಾದ ತನಗೆ ಬೇಕು ಅಂದ. ಅಪ್ಪನನ್ನು ಕೊನೆಗೆ ನೋಡಿಕೊಳ್ಳುವವನು ನಾನು, ನನಗೆ ಬೇಕು ಅಂತ ದೇವರಾಜ. ನ್ಯಾಯಕ್ಕೆ ಕೂತ ಹಿರಿಯರೊಬ್ಬರಿಗೆ ಹಸಿವಾಗಿತ್ತೋ ಏನೋ, "ಹಂಗಾರೆ ಆನೇನ ಸೀಳಿ ಒಂದೊಂದು ಮಗ್ಗುಲು ತಗೋರಿ" ಎಂದುಬಿಟ್ಟರು. ಅದು ಬೈಗುಳ ಎಂದು ಇಬ್ಬರಿಗೂ ತಿಳಿದಿತ್ತು. ತಿಳಿದೂ, ನೀನು ಸೋಲು ನೀನು ಸೋಲು ಎಂದು ಮುಖ ನೋಡಿಕೊಳ್ಳುತ್ತಾ ಇಬ್ಬರೂ ಒಪ್ಪಿದರು. ಎಡ ಹೋಳುಗಳು ತೋಟಪ್ಪನ ಪಾಲಿಗೆ, ಬಲ ಹೋಳುಗಳು ದೇವರಾಜನ ಜೊತೆ ಸೊರಬಕ್ಕೆ. ಅಚ್ಚು ಕೊರೆದ ಮುದುಕ, ಅವರಪ್ಪ, ಕಟ್ಟೆಯ ಮೇಲೆ ಕೂತಿದ್ದ. ಮೂಗಿನ ತುದಿಗೆ ಬಂದ ನೊಣವನ್ನೂ ಓಡಿಸಲಿಲ್ಲ.

ಗಂಡಸರ ಹಟವನ್ನು ಹೆಂಗಸರು ಸದ್ದಿಲ್ಲದೆ ಹೊಲಿದರು. ರಾಧಮ್ಮ ತನ್ನ ಹೋಳುಗಳನ್ನು ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತೇನೆಂದು ಬಸ್ಸು ಹತ್ತುವಳು. ತೋಟಪ್ಪ ಆ ದಿನ ಪೇಟೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುವನು. ಸಂಜೆ ಬಂದು ತಟ್ಟೆಯ ತುಂಬ ನಿಂತ ಆನೆಗಳನ್ನು ನೋಡಿ "ಚಲೋ ಆಗ್ಯಾವೆ" ಅನ್ನುವನು. ಅರ್ಧ ಅಚ್ಚಿನಲ್ಲಿ ಇಡೀ ಆನೆ ಹೇಗೆ ಬಂತೆಂದು ಒಮ್ಮೆಯೂ ಕೇಳಲಿಲ್ಲ. ಮಹಾದೇವಮ್ಮ ಹಾಲು ಬಿಟ್ಟು ಸಕ್ಕರೆಯ ಕೊಳೆ ತೆಗೆದು, ಪಾಕ ಬೆಳ್ಳಗಾಗುವ ತನಕ ಪಾತ್ರೆಯ ಅಂಚಿಗೆ ತಿಕ್ಕಿ, ನೆನೆದ ಅಚ್ಚಿನ ಬಾಯಿಗೆ ಎರೆಯುವಳು. ರಾಧಮ್ಮ ಎರಡೂ ಹೋಳುಗಳನ್ನು ಅಂಗೈಗಳ ನಡುವೆ ಒತ್ತಿ ಹಿಡಿಯುವಳು, ಬಿಸಿ ಮರ ದಾಟಿ ಚರ್ಮಕ್ಕೆ ಬರುವವರೆಗೆ, ಬಂದ ಮೇಲೂ.

ಈ ವರ್ಷ ಹುಣ್ಣಿಮೆಯ ಹಿಂದಿನ ದಿನ ಮಹಾದೇವಮ್ಮನೇ ಚೀಲದಲ್ಲಿ ತನ್ನ ಹೋಳುಗಳನ್ನು ಹಾಕಿಕೊಂಡು ಸೊರಬದ ಬಸ್ಸು ಹತ್ತಿದಳು. ಕಾಯಿಲೆಯೇನಾದರೂ ಬಿದ್ದಿದ್ದಾಳೋ ಎಂದು ದಾರಿಯುದ್ದಕ್ಕೂ ಕೆಟ್ಟದ್ದನ್ನೇ ನೆನೆದಳು. ಹಾಗೆ ನೆನೆಯುವುದರಲ್ಲಿ ಒಂದು ಸಮಾಧಾನವೂ ಇತ್ತು.

ಬಾಗಿಲಲ್ಲೇ ಕಂಡಿತು. ಪಡಸಾಲೆಯಲ್ಲಿ ಹಾಸಿದ ಬಿಳಿ ಪಂಚೆಯ ಮೇಲೆ ಸಾಲು ಸಾಲು ಆನೆಗಳು ಒಣಗುತ್ತಿದ್ದವು. ಇಡೀ ಆನೆಗಳು.

"ಬಾ ಅಕ್ಕಾ," ಎಂದಳು ರಾಧಮ್ಮ. ಗಾಬರಿಯಾಗಲಿಲ್ಲ, ನಗಲೂ ಇಲ್ಲ.

"ಫೋನು ಎಲ್ಲಿ ಹೂತಿಟ್ಟೀಯೇ?"

"ಇಲ್ಲೇ ಐತೆ. ಕೈ ಪಾಕದಾಗಿತ್ತು."

"ವಾರಗಟ್ಲೆ?"

"ಪಾಕವೂ ವಾರಗಟ್ಲೆ ನಡೀತು. ಎಂತ ಮಾಡೂದು."

ಮಹಾದೇವಮ್ಮ ಒಂದು ಆನೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಬಲಮಗ್ಗುಲು ಮಾವನದು, ಬೆನ್ನಿಗೆ ಹೊದಿಸಿದ ಜೂಲಿನ ಒಂದೊಂದು ಗಂಟೆಯೂ ಅವಳಿಗೆ ಗೊತ್ತು. ಎಡಮಗ್ಗುಲು ಯಾರದೋ. ಚೆನ್ನಾಗಿತ್ತು. ಅದೇ ಅವಳಿಗೆ ಹೆಚ್ಚು ಉರಿಯಿತು.

"ಅರ್ಧ ಅಚ್ಚಿನಾಗೆ ಎರೆಯೋ ವಿದ್ಯೆ ಕಲ್ತೀಯೇನು?"

"ಜೋಡಿ ಮಾಡಿಸ್ದೆ. ನಮ್ಮೂರಾಗೆ ಮರ ಕೆತ್ತೋ ಗುಡಿಗಾರರಿಗೆ ಬರವಾ?" ರಾಧಮ್ಮ ಗೂಡಿನಿಂದ ಅಚ್ಚುಗಳನ್ನು ತಂದಿಟ್ಟಳು. ಎಣ್ಣೆ ಕುಡಿದು ಕಪ್ಪಾದ ಹಳೆಯ ಹೋಳಿಗೆ ಹೊಸ ಮರದ ಹಳದಿ ಹೋಳು ಅಂಟಿಕೊಂಡಿತ್ತು, ಎರಡನೇ ಮದುವೆಯ ಹೆಂಡತಿಯ ಹಾಗೆ.

"ಒಂದ್ ಮಾತು ಹೇಳ್ಬೋದಿತ್ತು."

"ಹೇಳಿದ್ರೆ ಬ್ಯಾಡ ಅಂತಿದ್ದೆ."

"ಅಂತಿದ್ದೆ," ಎಂದಳು ಮಹಾದೇವಮ್ಮ. ಚೀಲ ಬಿಚ್ಚಿದಳು. "ಆತು ಬಿಡು. ನಾಳೆ ಬಂದಳಿಕೆಗೆ ಆರತಿ ಒಯ್ಯಬೇಕು. ಬೀಗರ ಮುಂದೆ ಮಾತು ಕೊಟ್ಟೀನಿ. ಹಳೇ ಹೋಳು ಇತ್ಲಾಗೆ ಕೊಡು, ಒಂದು ಆನೆ ಎರ್ಕೊಂಡು ಹೋಗ್ತೀನಿ."

ರಾಧಮ್ಮ ಕೊಡಲಿಲ್ಲ, ತಡೆಯಲೂ ಇಲ್ಲ. ಮಹಾದೇವಮ್ಮನೇ ಕಪ್ಪು ಹೋಳನ್ನು ಬಿಡಿಸಿ ತನ್ನದಕ್ಕೆ ಸೇರಿಸಿದಳು. ಕೂರಲಿಲ್ಲ. ತಿರುಗಿಸಿ ಒತ್ತಿದಳು. ಬೆನ್ನಿನ ಹತ್ತಿರ ಬೆಳಕು ತೂರಿತು. ಸೊಂಡಿಲಿಗೆ ಸೊಂಡಿಲು ಸಿಗಲಿಲ್ಲ.

"ಹೊಸದು ಕೂರ್ಲಿಲ್ಲ ಅಕ್ಕಾ. ಹಳೇದು ಸೊಟ್ಟ ತಿರುಗೈತೆ, ಕೂಡೋ ಮುಖ ಹೆರೀಬೇಕು ಅಂದ ಗುಡಿಗಾರ. ತುಸು ಹೆರೆದ."

"ಎಲ್ಲಾವೂ?"

"ಎಲ್ಲಾವೂ."

ಓಣಿಯಲ್ಲಿ ಯಾರೋ ಬೈಕಿನ ಹಾರನ್ ಹೊಡೆದು ಹೋದರು. ಸೀಳಿ ಹಂಚಿದಾಗಲೂ ಆ ಆನೆ ಸತ್ತಿರಲಿಲ್ಲ. ಈಗ ಸತ್ತಿತ್ತು, ಕೂದಲೆಳೆಯಷ್ಟು ಮರದ ಹೊಟ್ಟಿನಲ್ಲಿ, ಯಾವನೋ ಕೆಲಸಗಾರನ ಉಳಿಯ ಕೆಳಗೆ.

"ಕಣಕ ಮೆತ್ತಿ ನೋಡಾಣಾ?" ರಾಧಮ್ಮನ ದನಿ ಈಗ ಕೆಳಗಿಳಿದಿತ್ತು.

ಸಂದಿಗೆ ಹಿಟ್ಟು ಮೆತ್ತಿದರು. ಒಲೆಯ ಮೇಲೆ ಪಾಕ ಇದ್ದೇ ಇತ್ತು. ಮಹಾದೇವಮ್ಮ ತಿಕ್ಕಿ ಬೆಳ್ಳಗೆ ಮಾಡಿದಳು. ರಾಧಮ್ಮ ಎದುರು ಕೂತು ಅಚ್ಚು ಹಿಡಿದಳು. ಎರೆಯುತ್ತಿದ್ದಂತೆ ಹಿಟ್ಟು ಬಿರಿದು ಪಾಕ ಸೀಳಿನಿಂದ ಇಳಿದು ಅಂಗೈಗೆ ಹರಿಯಿತು. ರಾಧಮ್ಮ ಹಲ್ಲು ಕಚ್ಚಿದಳು, ಕೈ ಬಿಡಲಿಲ್ಲ. ಮಹಾದೇವಮ್ಮ ನೋಡಿದಳು, ಎರೆಯುವುದನ್ನು ನಿಲ್ಲಿಸಲಿಲ್ಲ.

ಬಿಚ್ಚಿದಾಗ ಆನೆಗೆ ಬೆನ್ನುದ್ದಕ್ಕೂ ಮೀನಿನ ರೆಕ್ಕೆಯಂಥದು ಎದ್ದಿತ್ತು. ಅಕ್ಕಪಕ್ಕ ಎರಡು ಸೊಂಡಿಲು.

ರಾಧಮ್ಮ ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಹೇಳಿದಳು. "ಶಿಕಾರಿಪುರದಾಗೆ ಯಾರನ್ನಾದ್ರೂ ಕೇಳು, ಮಹಾದೇವಮ್ಮನ ಗೊಂಬೆ ಅಂತಾರೆ. ಹಿಡಿದಾಕಿ ಯಾರು ಅಂತ ಯಾವನಿಗೆ ಗೊತ್ತೈತೆ? ಗಿರಾಕಿ ಬಂದು ಇವಳ್ಯಾರು ಅಂದ್ರೆ ಏನಂತಿದ್ದೆ ನೀನು?"

ಮಹಾದೇವಮ್ಮ ನೆನಪಿಸಿಕೊಳ್ಳಬೇಕಾಗಿರಲಿಲ್ಲ. 'ನೆರವಿಗೆ ಬಂದಾಳೆ' ಅನ್ನುತ್ತಿದ್ದಳು. ನಮ್ಮ ನೆಗೆಣ್ಣಿ ಎಂದು ಕೂಡ ಹೇಳುತ್ತಿರಲಿಲ್ಲ.

"ಅದಕ್ಕೆ ಅಚ್ಚು ಕೊಂದೆ."

"ನಾ ಕೊಂದೆನಾ? ನನ್ನ ಪಾಲಿಂದು ನಾ ಹೆರೆಸ್ಕೊಂಡೆ."

ಪಾಲು ಅಂದಮೇಲೆ ಪಾಲು. ಬರಿಗೈಯಲ್ಲಿ ಹೋಗುವಂತಿಲ್ಲ, ನಾಳೆ ಬಂದಳಿಕೆಯ ಅಜ್ಜಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡುತ್ತಾಳೆ. ಮಹಾದೇವಮ್ಮ ಒಣಗುತ್ತಿದ್ದ ಸಾಲನ್ನು ನೋಡಿದಳು. ಅವಳು ನೋಡಿದ್ದನ್ನು ರಾಧಮ್ಮನೂ ನೋಡಿದಳು. ಎದ್ದು ಸ್ವೀಟಂಗಡಿಯ ಡಬ್ಬಿಯೊಂದಕ್ಕೆ ಹತ್ತಿ ಹಾಸಿ, ಎರಡು ಆನೆ, ಒಂದು ಗೌರಿ, ಒಂದು ತುಳಸಿಕಟ್ಟೆ ಇಟ್ಟು ಮುಚ್ಚಿ ಮುಂದಕ್ಕೆ ತಳ್ಳಿದಳು. "ಮಾವನ ಅಚ್ಚು ಅಂತಾನೇ ಹೇಳು. ಅರ್ಧ ನಿಜಾನೇ ಅಲ್ಲಾ."

ಮಹಾದೇವಮ್ಮ ಡಬ್ಬಿ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಕಣ್ಣೆತ್ತಲಿಲ್ಲ. ತನ್ನ ಹೋಳುಗಳ ಮೇಲೆ ಅದನ್ನಿಟ್ಟು ಚೀಲದ ಬಾಯಿ ಕಟ್ಟಿ ಎದ್ದಳು.

ರಾಧಮ್ಮ ಒದ್ದೆ ಕೈ ಎತ್ತಿ ಹಿಡಿದುಕೊಂಡೇ ಬಾಗಿಲ ತನಕ ಬಂದಳು. "ಮುಂದಿನ ವರ್ಷ ನೀನೇ ಇಲ್ಲಿಗೆ ಬಾ ಅಕ್ಕಾ. ನನಗೆ ನಿನ್ನಂಗೆ ಪಾಕ ಬರಲ್ಲ. ನೀ ಎರಿ, ನಾ ಹಿಡಿತೀನಿ."

ಮಹಾದೇವಮ್ಮ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟುತ್ತಾ ನಿಂತಳು. "ಬರ್ತೀನಿ. ಯಾರಾದ್ರೂ ಇವಳ್ಯಾರು ಅಂತ ಕೇಳಿದ್ರೆ, ನೆರವಿಗೆ ಬಂದಾಳೆ ಅನ್ನು ನೀನು," ಎಂದವಳು ತಿರುಗಿ ನೋಡದೆ ಬಸ್ ನಿಲ್ದಾಣದ ದಾರಿ ಹಿಡಿದಳು.